ಹಳೆಯ ಸ್ವಿಫ್ಟ್ ಎಂಜಿನ್‌ನಲ್ಲಿ ಎಣ್ಣೆ ಮಡ್ಡಿ: ಫ್ಲಶ್ ಹಾಕುವ ಮೊದಲು

ಪ್ರಶ್ನೆ: ನನ್ನದು 2012ರ ಮಾರುತಿ ಸ್ವಿಫ್ಟ್ ಪೆಟ್ರೋಲ್ ಕಾರು. ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಈಗ 1,62,000 ಕಿ.ಮೀ. ಓಡಿದೆ. ಬಸವನಗುಡಿಯಿಂದ ಜಯನಗರದ ಆಫೀಸಿಗೆ ಹೋಗಿ ಬರುತ್ತೇನೆ. ಒಂದು ಕಡೆಗೆ ನಾಲ್ಕು ಕಿಲೋಮೀಟರ್, ಇಪ್ಪತ್ತು ನಿಮಿಷ. ವರ್ಷಕ್ಕೆ 3,500 ಕಿ.ಮೀ. ದಾಟುವುದಿಲ್ಲ. 10,000 ಕಿ.ಮೀ.ಗೆ ಆಯಿಲ್ ಬದಲಿಸಬೇಕು ಎಂದಿರುವುದರಿಂದ ಎರಡೂವರೆ ವರ್ಷದಿಂದ ಬದಲಿಸಿಲ್ಲ, ಕಡಿಮೆಯಾದಾಗ ಟಾಪ್ ಅಪ್ ಮಾಡಿಸಿದ್ದೇನೆ. ಮೊನ್ನೆ ಗ್ಯಾರೇಜಿನವರು ಆಯಿಲ್ ಮುಚ್ಚಳ ತೆಗೆದು ಒಳಗಿನ ಕಪ್ಪು ಅಂಟು ತೋರಿಸಿದರು. ಎಂಜಿನ್ ಫ್ಲಶ್ ಹಾಕಿ ತೊಳೆದು, ಆಮೇಲೆ ದಪ್ಪ ಆಯಿಲ್ ಹಾಕೋಣ ಎನ್ನುತ್ತಾರೆ. ಅಂದ ಹಾಗೆ, ಮೈಸೂರು ರಸ್ತೆಯಲ್ಲಿ ಜೋರಾಗಿ ಬಂದು ಸಿಗ್ನಲ್‌ನಲ್ಲಿ ನಿಂತಾಗ ಎರಡು ಸಲ ಕೆಂಪು ಆಯಿಲ್ ದೀಪ ಮಿನುಗಿ ಆರಿತು. ಏನು ಮಾಡಲಿ? ಮುಂದೆ ಹೀಗಾಗದಂತೆ ತಡೆಯುವುದು ಹೇಗೆ?

ಉತ್ತರ: ‘ಅಂದ ಹಾಗೆ’ ಎಂದು ಕೊನೆಗೆ ಸೇರಿಸಿದ್ದೀರಲ್ಲ, ಉತ್ತರ ಅಲ್ಲಿಂದಲೇ ಶುರುವಾಗಬೇಕು. ಆ ಕೆಂಪು ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಲ್ಲ, ಆಯಿಲ್ ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ ಎಂದು ಹೇಳುವುದು. ಬಹುತೇಕ ಕಾರುಗಳಲ್ಲಿ ಒತ್ತಡ 0.3ರಿಂದ 0.5 ಬಾರ್‌ಗೆ ಕುಸಿದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಎಂದರೆ ದೀಪ ಎಚ್ಚರಿಸುವ ಹೊತ್ತಿಗೆ ಬೇರಿಂಗ್‌ಗಳು ಆಗಲೇ ಅರೆಹೊಟ್ಟೆಯಲ್ಲಿವೆ. ಹಾಗಾಗಿ ಎಂಜಿನ್ ಫ್ಲಶ್ ಈಗ ಬೇಡ. ದಪ್ಪ ಆಯಿಲ್ ಕೂಡ ಬೇಡ. ಎರಡೂ ಯಾಕೆ ಬೇಡ ಎನ್ನುವುದನ್ನು ಮುಂದೆ ಹೇಳುತ್ತೇವೆ. ಮೊದಲು ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ಕೆಳಗಿನ ಗುರುತಿಗಿಂತ ಕೆಳಗಿದ್ದರೆ ದೀಪಕ್ಕೆ ಕಾರಣ ಅಷ್ಟೇ ಇರಬಹುದು. ಮಟ್ಟ ಸರಿಯಿದ್ದೂ ದೀಪ ಮಿನುಗಿದ್ದರೆ, ಒತ್ತಡ ಅಳೆಯುವವರೆಗೆ ಆ ಗಾಡಿಯನ್ನು ಹೈವೇಗೆ ಒಯ್ಯಬೇಡಿ.

ಒತ್ತಡ ಅಳೆಯುವುದು ದೊಡ್ಡ ಕೆಲಸವಲ್ಲ. ಎಂಜಿನ್ ಬ್ಲಾಕ್‌ನಲ್ಲಿರುವ ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ತಿರುಗಿಸಿ ಕೂರಿಸುವುದು. ಜಪಾನಿ ಮೂಲದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎಂಟನೇ ಒಂದು ಇಂಚಿನ ಪಿಟಿ ಥ್ರೆಡ್ (ತುದಿಗೆ ಹೋದಂತೆ ಕಿರಿದಾಗುವ ಮರೆ) ಇರುತ್ತದೆ, ಗೇಜಿನ ಅಡಾಪ್ಟರ್ ಅದಕ್ಕೆ ಹೊಂದಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಒಮ್ಮೆ, 3,000 ಆರ್‌ಪಿಎಂನಲ್ಲಿ ಒಮ್ಮೆ ಅಳೆದು, ಎರಡನ್ನೂ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಯೊಂದಿಗೆ ಹೋಲಿಸಿ. ಐಡಲ್‌ನಲ್ಲಿ ಕಡಿಮೆಯಿದ್ದು ಆರ್‌ಪಿಎಂ ಏರಿದಂತೆ ಒತ್ತಡವೂ ಸಲೀಸಾಗಿ ಏರಿದರೆ ಆಯಿಲ್ ತೆಳುವಾಗಿದೆ, ಇಲ್ಲವೇ ಬೇರಿಂಗ್ ಅಥವಾ ಪಂಪ್ ಸವೆದಿದೆ. ಐಡಲ್‌ನಲ್ಲಿ ಪರವಾಗಿಲ್ಲ, 3,000ಕ್ಕೆ ಹೋದಾಗ ಒತ್ತಡ ಏರುವ ಬದಲು ತೊನೆದಾಡುತ್ತದೆ ಅಥವಾ ಇಳಿಯುತ್ತದೆ ಎಂದಾದರೆ ಪಂಪ್‌ಗೆ ಎಣ್ಣೆ ಸಿಗುತ್ತಿಲ್ಲ: ಚೇಂಬರ್‌ನ (ಎಂಜಿನ್‌ನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ) ಒಳಗೆ, ಪಂಪ್ ಎಣ್ಣೆ ಹೀರುವ ಬಾಯಿಯಲ್ಲಿರುವ ಪಿಕಪ್ ಜಾಲರಿಗೆ ಮಡ್ಡಿ ಕಟ್ಟಿದೆ. ಎರಡೂ ಕಡೆ ಅಂಕಿ ಸರಿಯಿದ್ದರೆ ತಪ್ಪು ಸ್ವಿಚ್‌ನದ್ದು, ಹೊಸದು ಹಾಕಿದರೆ ಮುಗಿಯಿತು. ಮೂರು ಕಾರಣಕ್ಕೆ ಮೂರು ಬೇರೆ ಬೇರೆ ಬಿಲ್. ಅರ್ಧ ಗಂಟೆಯ ಈ ಪರೀಕ್ಷೆ ಮಾಡದೆ ಫ್ಲಶ್ ಡಬ್ಬಿ ತೆರೆಯುವುದು ಬಿ.ಪಿ. ನೋಡದೆ ಮಾತ್ರೆ ಬರೆದ ಹಾಗೆ.

ಮಡ್ಡಿ ಎಲ್ಲಿಂದ ಬರುತ್ತದೆ

ಬಜ್ಜಿ ಅಂಗಡಿಯ ಬಾಣಲೆಯ ಅಂಚು ನೋಡಿರುತ್ತೀರಿ. ಎಣ್ಣೆ ಕಾದು ಕಾದು ಅಂಚಿನಲ್ಲಿ ಮೊದಲು ಕಂದು ಬಣ್ಣದ ಪದರ, ಆಮೇಲೆ ಬೆರಳಿಗೆ ಅಂಟುವ ಜಿಡ್ಡು, ಕೊನೆಗೆ ಕೆರೆದರೂ ಬಿಡದ ಕರಿ. ಎಂಜಿನ್‌ನ ಬಿಸಿ ಭಾಗಗಳಲ್ಲಿ ಆಗುವುದೂ ಇದೇ, ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುವುದು. ಉಷ್ಣತೆ 10 ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಆದರೆ ನಿಮ್ಮ ಗಾಡಿಯದು ಬಹುಶಃ ಈ ಕಥೆಯಲ್ಲ, ಇದರ ತದ್ವಿರುದ್ಧ. ನಿಮ್ಮ ಎಂಜಿನ್ ಸಾಕಷ್ಟು ಬಿಸಿಯಾಗುತ್ತಲೇ ಇಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಹೆಚ್ಚಿನದು ಸೈಲೆನ್ಸರ್‌ನಿಂದ ಹೊರಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ನುಸುಳಿ ಕೆಳಗೆ ಚೇಂಬರ್‌ಗೆ ಇಳಿಯುತ್ತದೆ. ಅದರ ಜೊತೆ ಪೂರ್ತಿ ಉರಿಯದ ಪೆಟ್ರೋಲ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳೂ ಇಳಿಯುತ್ತವೆ. ರಿಂಗ್ ಎಷ್ಟೇ ಹೊಸದಿರಲಿ ಈ ಸೋರಿಕೆ ಇದ್ದೇ ಇರುತ್ತದೆ, 1,62,000 ಕಿ.ಮೀ. ಓಡಿದ ಎಂಜಿನ್‌ನಲ್ಲಿ ಇನ್ನಷ್ಟು. ಆಯಿಲ್ 80-90 ಡಿಗ್ರಿ ದಾಟಿ ಹತ್ತಿಪ್ಪತ್ತು ನಿಮಿಷ ಅಲ್ಲೇ ನಿಂತರೆ ನೀರೂ ಪೆಟ್ರೋಲೂ ಮತ್ತೆ ಆವಿಯಾಗಿ ಚೇಂಬರ್‌ನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ದಾರಿಯಲ್ಲಿ ಹೊರಹೋಗುತ್ತವೆ. ನಾಲ್ಕು ಕಿಲೋಮೀಟರ್‌ಗೆ ಇಳಿದು ಎಂಜಿನ್ ಆರಿಸಿದರೆ ಆವಿ ತಣ್ಣಗಿನ ಟ್ಯಾಪೆಟ್ ಕವರಿಗೆ (ಎಂಜಿನ್‌ನ ಮೇಲ್ಭಾಗದ ಮುಚ್ಚಳ) ಹನಿಗಟ್ಟಿ ವಾಪಸು ಎಣ್ಣೆಗೇ ಬೀಳುತ್ತದೆ. ಸಂಜೆ ಮತ್ತೆ ಅದೇ. ಕೂಲೆಂಟ್ ಬಿಸಿಯಾಗಲು ತೆಗೆದುಕೊಳ್ಳುವ ಸಮಯದ ಸುಮಾರು ಎರಡರಷ್ಟು ಆಯಿಲ್‌ಗೆ ಬೇಕು ಎನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಕೂಲೆಂಟ್ ಕಾದಿದ್ದಕ್ಕೆ ಎಂಜಿನ್ ಕಾದಿದೆ ಎಂದುಕೊಂಡಿರುತ್ತಾರೆ.

ಆಯಿಲ್‌ನಲ್ಲಿ ಡಿಸ್ಪರ್ಸೆಂಟ್ ಎನ್ನುವ ರಾಸಾಯನಿಕ ಇರುತ್ತದೆ. ಬಟ್ಟೆಯ ಕೊಳೆಯನ್ನು ಸೋಪು ನೀರಿನಲ್ಲಿ ತೇಲಿಸಿ ಹಿಡಿದಂತೆ, ಹುಟ್ಟಿದ ಕೊಳೆಯನ್ನೆಲ್ಲ ಇದು ಸಣ್ಣ ಸಣ್ಣ ಕಣಗಳಾಗಿ ತೇಲಿಸಿ ಹಿಡಿದಿರುತ್ತದೆ. ಆಯಿಲ್ ಕಪ್ಪಾಗುವುದು ಅದು ತನ್ನ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಗುರುತು. ‘ಆಯಿಲ್ ಕಪ್ಪಾಗಿದೆ, ಕೆಟ್ಟಿದೆ’ ಎನ್ನುವುದು ಎಷ್ಟು ತಪ್ಪೋ ‘ಇನ್ನೂ ಕೆಂಪಗಿದೆ, ಓಡಿಸಬಹುದು’ ಎನ್ನುವುದೂ ಅಷ್ಟೇ ತಪ್ಪು. ಡಿಸ್ಪರ್ಸೆಂಟ್ ಖರ್ಚಾದ ದಿನ ಕೊಳೆಗೆ ತೇಲಲು ಆಸರೆ ಇರುವುದಿಲ್ಲ. ಅದು ಒಂದಕ್ಕೊಂದು ಅಂಟಿ, ನೀರನ್ನೂ ಸೇರಿಸಿಕೊಂಡು, ಎಣ್ಣೆ ನಿಧಾನವಾಗಿ ಹರಿಯುವ ಮೂಲೆಗಳಲ್ಲಿ ಕೂರುತ್ತದೆ. ಮಡ್ಡಿ ಎಂದರೆ ಇದು. ಟಾಪ್ ಅಪ್‌ನಿಂದ ಈ ಲೆಕ್ಕ ಸರಿಹೋಗುವುದಿಲ್ಲ. ಅರ್ಧ ಲೀಟರ್ ಹೊಸ ಆಯಿಲ್ ತರುವ ಸೋಪನ್ನು ಒಳಗಿರುವ ಎರಡೂವರೆ ಲೀಟರ್ ಹಳೆಯ ಕೊಳೆ ಕೆಲವೇ ದಿನದಲ್ಲಿ ಮುಗಿಸುತ್ತದೆ.

ಕಿಲೋಮೀಟರ್ ಬಿಟ್ಟು ಗಂಟೆ ಎಣಿಸಿ

ಮ್ಯಾನ್ಯುಯಲ್‌ನಲ್ಲಿ 10,000 ಕಿ.ಮೀ. ಎಂದಷ್ಟೇ ಇರುವುದಿಲ್ಲ, ‘ಅಥವಾ 12 ತಿಂಗಳು, ಯಾವುದು ಮೊದಲೋ ಅದು’ ಎಂದೂ ಇರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕಠಿಣ ಬಳಕೆ ಎಂಬ ಇನ್ನೊಂದು ಪಟ್ಟಿ: ಪದೇ ಪದೇ ಚಿಕ್ಕ ಓಡಾಟ, ಹೆಚ್ಚು ಐಡಲಿಂಗ್, ದೂಳು. ಅಲ್ಲಿ ಅವಧಿ ಕಡಿಮೆ. ಬೆಂಗಳೂರಿನ ಪೇಟೆ ಓಡಾಟ ಬಹುಮಟ್ಟಿಗೆ ಆ ಪಟ್ಟಿಗೇ ಸೇರುತ್ತದೆ.

ಹಳ್ಳಿಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರು ಮೀಟರಿನ ಗಂಟೆ ನೋಡಿ, ಸಾಮಾನ್ಯವಾಗಿ 250 ಗಂಟೆಗೊಮ್ಮೆ ಆಯಿಲ್ ಬದಲಿಸುತ್ತಾರೆ. ಕಾರಿಗೂ ಅದೇ ಲೆಕ್ಕ ಹಾಕಿ ನೋಡಿ. ಹೈವೇಯಲ್ಲಿ ಸರಾಸರಿ 60 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಎಂದರೆ 167 ಗಂಟೆ. ನೀವು 20 ನಿಮಿಷಕ್ಕೆ 4 ಕಿ.ಮೀ. ಹೋಗುತ್ತೀರಿ, ಸರಾಸರಿ ಗಂಟೆಗೆ 12 ಕಿ.ಮೀ. ಆ ಲೆಕ್ಕದಲ್ಲಿ 10,000 ಕಿ.ಮೀ. ಎಂದರೆ 833 ಗಂಟೆ. ಓಡೋಮೀಟರ್ ಒಂದೇ, ಎಣ್ಣೆಯ ವಯಸ್ಸು ಐದು ಪಟ್ಟು. ಅದೂ ಹೆಚ್ಚಿನ ಗಂಟೆಗಳು ಅರೆಬಿಸಿಯಲ್ಲಿ ಕಳೆದದ್ದು.

ಮೈಸೂರಿಗೋ ಹಾಸನಕ್ಕೋ ದಿನಾ ಹೋಗಿ ಬರುವ, ನಿಮ್ಮದರ ಎರಡರಷ್ಟು ಓಡಿದ ಟ್ಯಾಕ್ಸಿಯ ಟ್ಯಾಪೆಟ್ ಕವರ್ ಬಿಚ್ಚಿದರೆ ಒಳಗೆ ಬರೀ ತಿಳಿ ಕಂದು ಬಣ್ಣ ಇರುವುದು ಈ ಕಾರಣಕ್ಕೇ. ಹಳೆಯ ಗಾಡಿ ಕೊಳ್ಳುವಾಗ ‘ಬರೀ 40,000 ಓಡಿದೆ, ಡಾಕ್ಟರು ಇಟ್ಟಿದ್ದ ಗಾಡಿ, ಆಸ್ಪತ್ರೆಗೆ ಬಿಟ್ಟರೆ ಎಲ್ಲಿಗೂ ಹೋಗಿಲ್ಲ’ ಎಂದು ಹೇಳಿದರೆ ಸ್ವಲ್ಪ ಯೋಚಿಸಿ.

ವಿನ್ಯಾಸದ ಪಾಲೂ ಇದರಲ್ಲಿ ಇರುತ್ತದೆ. 1997ರಿಂದ 2002ರ ನಡುವೆ ತಯಾರಾದ ಟೊಯೊಟಾದ 1ಎಂಝಡ್-ಎಫ್‌ಇ ಮತ್ತು 5ಎಸ್-ಎಫ್‌ಇ ಎಂಜಿನ್‌ಗಳಲ್ಲಿ ಮಡ್ಡಿಯ ದೂರು ಎಷ್ಟು ಬಂತೆಂದರೆ, ಅಮೆರಿಕದಲ್ಲಿ ಕಂಪನಿ 2002ರಲ್ಲಿ ಸುಮಾರು 33 ಲಕ್ಷ ವಾಹನಗಳಿಗೆ ಎಂಟು ವರ್ಷಗಳವರೆಗೆ ರಿಪೇರಿ ಭರವಸೆ ಕೊಟ್ಟಿತು. ಸ್ವಿಫ್ಟ್‌ನ ಕೆ12ಎಂ ಎಂಜಿನ್ ಆ ಜಾತಿಯದಲ್ಲ. ಆದರೆ ಅದು ಹಿಡಿಯುವುದು ಫಿಲ್ಟರ್ ಸೇರಿ ಮೂರು ಲೀಟರಿಗಿಂತ ಚೂರು ಹೆಚ್ಚು ಆಯಿಲ್ ಅಷ್ಟೇ. ಕೊಳೆ ಹಂಚಿಕೊಳ್ಳಲು ಎಣ್ಣೆ ಕಡಿಮೆ. ಅದರಲ್ಲೂ ಒಂದು ಲೀಟರ್ ಕಡಿಮೆಯಾಗುವವರೆಗೆ ನೋಡದೆ ಬಿಟ್ಟರೆ ಉಳಿದ ಎರಡು ಲೀಟರ್ ಮೂರು ಲೀಟರಿನ ಕೆಲಸ ಮಾಡಬೇಕು.

ಮನೆಯಲ್ಲೇ ನೋಡಬಹುದಾದದ್ದು

ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಲೋಹದ ಮೇಲೆ ಚಹಾ ಕಲೆಯಂಥ ಬಣ್ಣವಿದ್ದು ಬೆರಳಿಗೆ ಏನೂ ಅಂಟದಿದ್ದರೆ ಅದು ವಾರ್ನಿಶ್, ಈ ವಯಸ್ಸಿನ ಎಂಜಿನ್‌ನಲ್ಲಿ ಸಹಜ. ಬೆರಳಿಗೆ ಕಾಡಿಗೆಯಂತೆ ದಪ್ಪಗೆ ಬಂದರೆ ಮಡ್ಡಿ. ಮುಚ್ಚಳದ ಒಳಗೆ ಮಾತ್ರ ಬೆಣ್ಣೆಯಂಥ ಹಳದಿ-ಬಿಳಿ ನೊರೆ ಇದ್ದರೆ ತೇವ ಹನಿಗಟ್ಟಿದೆ ಎಂದರ್ಥ. ಮಡಿಕೇರಿ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಒಳ್ಳೆಯ ಗಾಡಿಯಲ್ಲೂ ಕಾಣುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆಯೇ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದು, ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ ಸೋರಿಕೆ. ಕೂಲೆಂಟ್‌ನ ಗ್ಲೈಕಾಲ್ ಎಣ್ಣೆಗೆ ಬಿದ್ದರೆ ತಿಂಗಳುಗಳಲ್ಲಿ ಆಗುವ ಮಡ್ಡಿ ದಿನಗಳಲ್ಲಿ ಆಗುತ್ತದೆ, ಆ ಗಾಡಿಯನ್ನು ಓಡಿಸಲೇಬಾರದು.

ಎಣ್ಣೆಯಲ್ಲಿ ನೀರಿದೆಯೇ ಎಂದು ತಿಳಿಯಲು ಒಗ್ಗರಣೆ ಸೌಟು ಸಾಕು (ಆಮೇಲೆ ಅದು ಅಡುಗೆಮನೆಗೆ ವಾಪಸು ಹೋಗಬಾರದು). ಸೌಟನ್ನು ಸಾಸಿವೆ ಸಿಡಿಯುವಷ್ಟು ಕಾಯಿಸಿ, ಉರಿಯಿಂದ ದೂರ ತಂದು, ಬಯಲಿನಲ್ಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಡಿಪ್‌ಸ್ಟಿಕ್‌ನಿಂದ ಎರಡು ಹನಿ ಬಿಡಿ. ಚಟಪಟ ಎಂದರೆ ನೀರಿದೆ. ಸುಮ್ಮನೆ ಹೊಗೆಯಾಡಿದರೆ ಇಲ್ಲ. ಎಣ್ಣೆಯಲ್ಲಿ ಪೆಟ್ರೋಲ್ ಇರಬಹುದಾದ್ದರಿಂದ ಉರಿಯ ಮೇಲೆಯೇ ಹನಿ ಬಿಡುವ ಕೆಲಸ ಬೇಡ.

ಡಿಸ್ಪರ್ಸೆಂಟ್ ಉಳಿದಿದೆಯೇ ಎನ್ನುವುದಕ್ಕೆ ಫಿಲ್ಟರ್ ಕಾಗದ, ಇಲ್ಲವಾದರೆ ಬ್ಲಾಟಿಂಗ್ ಪೇಪರ್ ಬೇಕು. ಬಿಸಿ ಎಂಜಿನ್‌ನ ಒಂದೇ ಒಂದು ಹನಿ ಬಿಟ್ಟು, ಕಾಗದ ಯಾವುದಕ್ಕೂ ತಾಗದಂತೆ ಲೋಟದ ಬಾಯಿಯ ಮೇಲೆ ಒಂದು ದಿನ ಇಡಿ. ಕೊಳೆ ಕಾಗದದಲ್ಲಿ ದೂರದವರೆಗೆ ಒಂದೇ ಸಮನಾದ ಬೂದು ಬಣ್ಣದಲ್ಲಿ ಹರಡಿದ್ದರೆ ಆಯಿಲ್‌ಗೆ ಇನ್ನೂ ಶಕ್ತಿಯಿದೆ. ನಡುವೆ ಕುಂಕುಮದ ಬೊಟ್ಟಿನಂತೆ ಗಟ್ಟಿ ಕಪ್ಪು ಚುಕ್ಕೆ, ಅದಕ್ಕೆ ಕತ್ತರಿಸಿದಂಥ ಅಂಚು, ಸುತ್ತ ಬರೀ ತೆಳು ಎಣ್ಣೆಯ ವರ್ತುಲ ಇದ್ದರೆ ಡಿಸ್ಪರ್ಸೆಂಟ್ ಮುಗಿದಿದೆ. ನಿಮ್ಮ ಎರಡೂವರೆ ವರ್ಷದ ಆಯಿಲ್‌ನದು ಇದೇ ಚಿತ್ರ ಬಂದರೆ ಆಶ್ಚರ್ಯವಿಲ್ಲ. ಆ ಕಾಗದದ ಮೇಲೆ ತಾರೀಕು, ಕಿ.ಮೀ. ಬರೆದಿಡಿ, ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.

ಫ್ಲಶ್ ಯಾಕೆ ಬೇಡ

ಗ್ಯಾರೇಜುಗಳು ಹಾಕುವ ಹತ್ತು ನಿಮಿಷದ ಫ್ಲಶ್ ಒಂದು ದ್ರಾವಕ. ತೆಳುವಾದ ವಾರ್ನಿಶ್ ಇರುವ, ಒತ್ತಡ ಸರಿಯಿರುವ ಎಂಜಿನ್‌ನಲ್ಲಿ ಡಬ್ಬಿಯ ಮೇಲೆ ಹೇಳಿದಂತೆ ಬರೀ ಐಡಲ್‌ನಲ್ಲಿ ಓಡಿಸಿ ಹೊರಕ್ಕೆ ಸುರಿದರೆ ದೊಡ್ಡ ಹಾನಿಯಿಲ್ಲ, ದೊಡ್ಡ ಲಾಭವೂ ಇಲ್ಲ. ದಪ್ಪ ಮಡ್ಡಿಯಿರುವ ಎಂಜಿನ್‌ನಲ್ಲಿ ಅದು ಮಡ್ಡಿಯನ್ನು ಪೂರ್ತಿ ಕರಗಿಸುವುದಿಲ್ಲ, ಬುಡ ಸಡಿಲ ಮಾಡುತ್ತದೆ. ಸಡಿಲವಾದ ಹೆಕ್ಕಳೆಗಳು ನೇರ ಹೋಗಿ ಕೂರುವುದು ಪಿಕಪ್ ಜಾಲರಿಯ ಮೇಲೆ. ಚರಂಡಿಯಲ್ಲಿ ಹೂಳು ತುಂಬಿದ್ದಾಗ ಮೇಲಿಂದ ಒಂದೇ ಸಲ ನೀರು ಬಿಟ್ಟರೆ ಕೊನೆಯ ಜಾಲರಿಯಲ್ಲಿ ಕಸವೆಲ್ಲ ಬಂದು ಕಟ್ಟಿಕೊಳ್ಳುವುದಿಲ್ಲವೇ, ಹಾಗೆ. ಫ್ಲಶ್ ಮಾಡಿಸಿದ ಮಾರನೇ ದಿನ ಎಂಜಿನ್ ಹಿಡಿದುಕೊಂಡಿತು ಎಂದು ಕೇಳಿಬರುವ ದೂರುಗಳ ಹಿಂದೆ ಬಹುತೇಕ ಇದೇ ಇರುತ್ತದೆ. ದೀಪ ಮಿನುಗುವ ನಿಮ್ಮಂಥ ಗಾಡಿಗೆ ಈ ಜೂಜು ಬೇಡವೇ ಬೇಡ.

ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಎಂಜಿನ್ ಓಡಿಸುವ ಹಳೇ ರೂಢಿಯಂತೂ ಇನ್ನೂ ಕೆಟ್ಟದ್ದು. ಬೇರಿಂಗ್ ನಡುವಿನ ಎಣ್ಣೆಯ ಪದರವೇ ಉಳಿಯುವುದಿಲ್ಲ. ಸುರಿದ ಮೇಲೂ ಒಂದಿಷ್ಟು ಒಳಗಿನ ಮೂಲೆಗಳಲ್ಲಿ ಉಳಿದು ಹೊಸ ಆಯಿಲನ್ನು ತೆಳು ಮಾಡುತ್ತದೆ. ಬಿಚ್ಚಿ ಹೊರಗಿಟ್ಟ ಭಾಗಗಳನ್ನು ಡೀಸೆಲ್‌ನಲ್ಲಿ ಬ್ರಷ್ ಹಾಕಿ ತೊಳೆಯಿರಿ, ಅದು ಸರಿ. ಜೋಡಿಸಿದ ಎಂಜಿನ್ ಒಳಗೆ ಬೇಡ.

ದಪ್ಪ ಆಯಿಲ್ ವಿಷಯ. 20ಡಬ್ಲ್ಯು-50 ಹಾಕಿದರೆ ಗೇಜಿನಲ್ಲಿ ಒತ್ತಡ ಏರುತ್ತದೆ, ದೀಪ ಸುಮ್ಮನಾಗುತ್ತದೆ, ಗ್ರಾಹಕರಿಗೆ ಸಮಾಧಾನ. ಕಾರಣ ಹಾಗೇ ಉಳಿಯುತ್ತದೆ. ಅರ್ಧ ಕಟ್ಟಿದ ಜಾಲರಿಯಿಂದ ದಪ್ಪ ಎಣ್ಣೆ ಬೆಳಗಿನ ತಣ್ಣನೆಯ ಸ್ಟಾರ್ಟ್‌ನಲ್ಲಿ ಇನ್ನೂ ಕಷ್ಟಪಟ್ಟು ಬರುತ್ತದೆ. ಈ ಎಂಜಿನ್‌ನ ವಿವಿಟಿ (ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಮತ್ತು ಟೈಮಿಂಗ್ ಚೈನ್ ಟೆನ್ಷನರ್ (ಚೈನನ್ನು ಬಿಗಿಯಾಗಿ ಹಿಡಿಯುವ ಭಾಗ) ಎರಡೂ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವಂಥವು, ಅವುಗಳ ದಾರಿಗಳು ಕಿರಿದು. ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ಸೆಕೆಂಡ್ ಚೈನ್ ಕರಕರ ಎನ್ನುತ್ತಿದ್ದರೆ ಅಲ್ಲಿಗೆ ಎಣ್ಣೆ ತಡವಾಗಿ ತಲುಪುತ್ತಿದೆ.

ಮಾಡಬೇಕಾದದ್ದು, ಕ್ರಮವಾಗಿ

ಒತ್ತಡದ ಪರೀಕ್ಷೆ ಜಾಲರಿಯ ಕಡೆ ಬೆರಳು ತೋರಿಸಿದರೆ ಚೇಂಬರ್ ಇಳಿಸಲೇಬೇಕು. ಟ್ಯಾಪೆಟ್ ಕವರ್ ಬಿಚ್ಚಿ ಮೇಲಿನ ಮಡ್ಡಿಯನ್ನು ಪ್ಲಾಸ್ಟಿಕ್ ಕೆರೆತಿಯಿಂದ ತೆಗೆದು, ಎಣ್ಣೆ ಕೆಳಗಿಳಿಯುವ ತೂತುಗಳನ್ನು ಬಿಡಿಸಿ. ಈ ಕೆಲಸ ಮಾಡುವಾಗ ಚೇಂಬರ್ ಇನ್ನೂ ಹೊರಗೇ ಇರಲಿ, ಬಿದ್ದದ್ದು ನೆಲಕ್ಕೆ ಬೀಳಲಿ. ಜಾಲರಿಯನ್ನು ತೊಳೆದು ಬೆಳಕಿಗೆ ಹಿಡಿದಾಗ ಪ್ರತಿ ಕಣ್ಣೂ ಕಾಣಬೇಕು. ಕಾಣದಿದ್ದರೆ ಹೊಸದು ಹಾಕಿ, ಅದರ ಓ-ರಿಂಗ್ ಇದ್ದರೆ ಅದನ್ನೂ. ಚೇಂಬರ್ ಮತ್ತೆ ಕೂರಿಸುವಾಗ ಸೀಲೆಂಟ್ ತೆಳ್ಳಗೆ ಒಂದೇ ಗೆರೆಯಲ್ಲಿ ಹೋಗಲಿ. ಬಿಗಿದಾಗ ಒಳಕ್ಕೆ ಉಬ್ಬಿದ ಸೀಲೆಂಟ್ ಕಳಚಿ ಬಿದ್ದು ಅದೇ ಜಾಲರಿಯನ್ನು ಮುಚ್ಚಿದ ಎಂಜಿನ್‌ಗಳು ಬೇಕಾದಷ್ಟಿವೆ.

ಒತ್ತಡ ಸರಿಯಿದ್ದು ಮಡ್ಡಿ ಮೇಲುಮೇಲಿನದು ಎಂದಾದರೆ ಬಿಚ್ಚುವುದು ಬೇಡ. ಒಳ್ಳೆಯ ಆಯಿಲ್‌ನಿಂದಲೇ ನಿಧಾನವಾಗಿ ತೊಳೆಯಬಹುದು. ಈಗಿನದನ್ನು ಸುರಿದು ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ 1,000 ಕಿ.ಮೀ. ಓಡಿಸಿ. ಮತ್ತೆ ಎರಡನ್ನೂ ಬದಲಿಸಿ 2,000 ಓಡಿಸಿ. ಮೂರನೆಯ ಸಲ 3,000. ಆಮೇಲೆ 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ನಿಮ್ಮ ಓಡಾಟದಲ್ಲಿ ಮೊದಲ 1,000 ಕಿ.ಮೀ.ಗೇ ಮೂರೂವರೆ ತಿಂಗಳು ಬೇಕಾಗುತ್ತದೆ. ಹಾಗಾಗಿ ಮೊದಲ ಎರಡು ಸುತ್ತನ್ನು ಊರಿನ ಪ್ರಯಾಣಕ್ಕೆ ಹೊಂದಿಸಿಕೊಂಡರೆ ಎಣ್ಣೆಗೂ ಒಳ್ಳೆಯದು.

ಪ್ರತಿ ಸಲ ತೆಗೆದ ಫಿಲ್ಟರನ್ನು ಕತ್ತರಿಸಿ ನೋಡಿ. ಹ್ಯಾಕ್‌ಸಾ ಬೇಡ, ಅದರ ಪುಡಿಯೇ ಒಳಗೆ ಬಿದ್ದು ಲೋಹ ಸವೆದಂತೆ ಕಾಣುತ್ತದೆ. ಡಬ್ಬಿ ಕತ್ತರಿಸುವಂಥ ಕಟರ್ ಬಳಸಿ. ಮಡಿಕೆಗಳನ್ನು ಬಿಡಿಸಿ ಹರಡಿದಾಗ ಕಾಫಿ ಪುಡಿಯ ಗಸಿಯಂಥ ಕಪ್ಪು ಚೂರು ಕಂಡರೆ ಮಡ್ಡಿ ಬಿಡುತ್ತಿದೆ, ಮುಂದಿನ ಅವಧಿ ಇನ್ನೂ ಮೊಟಕು ಮಾಡಿ. ಹೊಳೆಯುವ ಚೂರು ಕಂಡರೆ ಬೇರಿಂಗ್ ನೋಡಬೇಕಾದ ಸಮಯ.

ಆಯಿಲ್ ಯಾವುದು? ಮ್ಯಾನ್ಯುಯಲ್ ಒಪ್ಪುವ 5ಡಬ್ಲ್ಯು-30 ಸಿಂಥೆಟಿಕ್. ಡಬ್ಬಿಯ ಮೇಲೆ ಎಪಿಐ (ಆಯಿಲ್ ದರ್ಜೆ ನಿಗದಿ ಮಾಡುವ ಅಮೆರಿಕದ ಸಂಸ್ಥೆ) ಎಸ್‌ಪಿ ಎಂದಿರಲಿ. 2020ರಲ್ಲಿ ಬಂದ ದರ್ಜೆ ಇದು. 2025ರಲ್ಲಿ ಬಂದ ಎಸ್‌ಕ್ಯು ಸಿಕ್ಕರೆ ಅದೂ ಆಗುತ್ತದೆ. ಹಳೆಯ ಎಸ್‌ಜೆ, ಎಸ್‌ಎಲ್ ದರ್ಜೆಯ ಅಗ್ಗದ ಡಬ್ಬಿಗಳು ಇನ್ನೂ ಅಂಗಡಿಯಲ್ಲಿವೆ, ಈ ಕೆಲಸಕ್ಕೆ ಅವು ಬೇಡ. ಸಿಂಥೆಟಿಕ್ ಹಾಕಿದರೆ ಹಳೆಯ ಎಂಜಿನ್ ಸೋರುತ್ತದೆ ಎನ್ನುವ ಮಾತಿನಲ್ಲಿ ಒಂದು ಎಳೆ ನಿಜವಿದೆ: ಸೀಲ್ ಮೊದಲೇ ಒಣಗಿ ಸೀಳಿರುತ್ತದೆ, ಆ ಸೀಳನ್ನು ಮಡ್ಡಿ ಮುಚ್ಚಿರುತ್ತದೆ, ಮಡ್ಡಿ ಹೋದಾಗ ಸೋರಿಕೆ ಬಯಲಾಗುತ್ತದೆ. ತಪ್ಪು ಆಯಿಲ್‌ನದಲ್ಲ, ಸೀಲ್ ಬದಲಿಸಬೇಕಾದದ್ದೇ. ಇನ್ನು ನಕಲಿ ಆಯಿಲ್ ಹಾವಳಿ ಇರುವುದರಿಂದ, ಸೀಲ್ ಒಡೆಯದ ಡಬ್ಬಿ ನಿಮ್ಮ ಎದುರೇ ತೆರೆಯಲಿ, ಖಾಲಿಯಾದ ಮೇಲೆ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಿಯೇ ಕೊಡಿ.

ಬದಲಿಸುವ ಕೆಲಸದಲ್ಲಿ ನಾಲ್ಕು ಮಾತು. ಹತ್ತು ಕಿಲೋಮೀಟರ್ ಓಡಿಸಿ ಬಿಸಿ ಇರುವಾಗಲೇ ಹಳೆಯ ಆಯಿಲನ್ನು ಹೊರಕ್ಕೆ ಸುರಿಯಬೇಕು, ತೇಲುತ್ತಿರುವ ಕೊಳೆ ಜೊತೆಗೇ ಹೋಗುತ್ತದೆ. ಹದಿನೈದು ನಿಮಿಷ ತೊಟ್ಟಿಕ್ಕಲು ಬಿಡಿ. ಡಿಪ್‌ಸ್ಟಿಕ್ ಕೊಳವೆಯಿಂದ ಮೆಷಿನ್ ಹಾಕಿ ಹೀರುವ ಪದ್ಧತಿ ಮಡ್ಡಿ ಇರುವ ಎಂಜಿನ್‌ಗೆ ಆಗಿಬರುವುದಿಲ್ಲ, ತಳದ ಗಸಿ ಅಲ್ಲೇ ಉಳಿಯುತ್ತದೆ. ಡ್ರೇನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿ 35 ನ್ಯೂಟನ್ ಮೀಟರ್‌ಗೆ ಬಿಗಿಯಿರಿ, ಉದ್ದನೆಯ ಪಾನಾ ಹಿಡಿದು ತೂಗಾಡುವುದು ಬೇಡ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿ ಉಳಿದಿದೆಯೇ ಎಂದು ಕೈಯಾಡಿಸಿ ನೋಡಿ, ಎರಡು ರಿಂಗ್ ಒಂದರ ಮೇಲೊಂದು ಕೂತರೆ ದಾರಿಯಲ್ಲಿ ಆಯಿಲ್ ಪೂರ್ತಿ ಹೊರಚೆಲ್ಲುತ್ತದೆ. ಹೊಸ ರಿಂಗ್‌ಗೆ ಎಣ್ಣೆ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು. ಮೊದಲು 2.8 ಲೀಟರ್ ಹಾಕಿ, ಒಂದು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದನ್ನು ಮೇಲಿನ ಗುರುತಿನವರೆಗೆ ತುಂಬಿ. ಗುರುತು ದಾಟಿದರೆ ಕ್ರ್ಯಾಂಕ್ ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ.

ಮತ್ತೆ ಕಟ್ಟದಿರಲು

ಎರಡು ಸಣ್ಣ ಭಾಗಗಳನ್ನು ನೋಡದೆ ಎಷ್ಟು ಆಯಿಲ್ ಸುರಿದರೂ ವ್ಯರ್ಥ. ಮೊದಲನೆಯದು ಪಿಸಿವಿ ವಾಲ್ವ್, ಚೇಂಬರ್‌ನ ಆವಿಯನ್ನು ಎಳೆದು ಎಂಜಿನ್‌ಗೇ ಉರಿಯಲು ಕೊಡುವ ಪುಟ್ಟ ಬಾಗಿಲು. ಇದು ಕಟ್ಟಿದರೆ ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು ಕರಿದಂತೆ, ಎಲ್ಲ ಒಳಗೇ ಕೂರುತ್ತದೆ. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದು ಬಾಯಿಗೆ ಒಂದು ಕಾಗದದ ಹಾಳೆ ಹಿಡಿಯಿರಿ. ಮೆಲ್ಲಗೆ ಒಳಕ್ಕೆ ಎಳೆದುಕೊಂಡರೆ ಸರಿ. ಹೊರಕ್ಕೆ ತಳ್ಳಿದರೆ ವಾಲ್ವ್ ಅಥವಾ ಪೈಪು ಕಟ್ಟಿದೆ, ಇಲ್ಲವೇ ರಿಂಗ್ ಸೋರಿಕೆ ವಾಲ್ವ್‌ನ ಕೈಮೀರಿದೆ. ವಾಲ್ವ್ ಬಿಚ್ಚಿ ಅಲ್ಲಾಡಿಸಿದಾಗ ಒಳಗಿನ ತುಂಡು ಕಟಕಟ ಎನ್ನಬೇಕು. ಎನ್ನದಿದ್ದರೆ ತೊಳೆಯುತ್ತಾ ಕೂರಬೇಡಿ, ಹೊಸದಕ್ಕೆ ದೊಡ್ಡ ಬೆಲೆಯಿಲ್ಲ. ಅದರ ರಬ್ಬರ್ ಪೈಪು ಒಳಗಿಂದ ಮೆತ್ತಗಾಗಿ ಎಳೆತಕ್ಕೆ ಮುಚ್ಚಿಕೊಳ್ಳುವುದೂ ಉಂಟು. ಈ ವಯಸ್ಸಿಗೆ ಪೈಪನ್ನೂ ಬದಲಿಸುವುದು ಮೇಲು.

ಎರಡನೆಯದು ಥರ್ಮೋಸ್ಟಾಟ್, ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್. ನಮ್ಮಲ್ಲಿ ಒಂದು ವಿಚಿತ್ರ ವೈದ್ಯವಿದೆ: ಗಾಡಿ ಹೀಟ್ ಆಗುತ್ತಿದೆ ಎಂದು ಥರ್ಮೋಸ್ಟಾಟ್ ಕಿತ್ತು ಎಸೆದು ಬರೀ ಹೌಸಿಂಗ್ ಮುಚ್ಚುವುದು. ‘ನಮ್ಮ ಸೆಕೆಗೆ ಅದೆಲ್ಲ ಬೇಕಿಲ್ಲ’ ಎನ್ನುವ ಸಮರ್ಥನೆ ಬೇರೆ. ಅದಿಲ್ಲದ ಎಂಜಿನ್ ನಾಲ್ಕು ಕಿಲೋಮೀಟರ್‌ನಲ್ಲಿ ಬಿಸಿಯಾಗುವುದೇ ಇಲ್ಲ. ತಣ್ಣಗಿದೆ ಎಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಅದರ ಪಾಲು ಎಣ್ಣೆಗೂ ಇಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದ್ದರಿಂದ ನಿಮ್ಮದರಲ್ಲಿ ಅದು ಇದೆಯೇ ಎಂದು ನೋಡಲೇಬೇಕು. ಡ್ಯಾಶ್‌ಬೋರ್ಡ್‌ನ ದೀಪ ನಂಬಬೇಡಿ. ಎಂಜಿನ್‌ನ ಮಾಹಿತಿ ಓದುವ ಒಂದು ಓಬಿಡಿ ಬ್ಲೂಟೂತ್ ಡಾಂಗಲ್ ಹಾಕಿ ಮೊಬೈಲಿನಲ್ಲಿ ಕೂಲೆಂಟ್ ಉಷ್ಣತೆ ನೋಡುತ್ತಾ ಓಡಿಸಿ. ಹತ್ತು ನಿಮಿಷದ ಒಳಗೆ 80 ದಾಟಿ, ಆಮೇಲೆ ಹೈವೇಯ ಗಾಳಿಯಲ್ಲೂ 80-95ರ ನಡುವೆ ನಿಲ್ಲಬೇಕು. ವೇಗ ಹೆಚ್ಚಿದಂತೆ 60-65ಕ್ಕೆ ಇಳಿದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಅಥವಾ ಇಲ್ಲವೇ ಇಲ್ಲ.

ಸ್ಪಾರ್ಕ್ ಪ್ಲಗ್ ಸವೆದು ಮಿಸ್ ಹೊಡೆಯುತ್ತಿದ್ದರೆ, ಇಂಜೆಕ್ಟರ್ ಸೋರುತ್ತಿದ್ದರೆ ಉರಿಯದ ಪೆಟ್ರೋಲ್ ಎಣ್ಣೆಗಿಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಹೊಡೆಯುವುದು, ಆಯಿಲ್ ಮಟ್ಟ ತಾನಾಗಿ ಏರುವುದು ಇದರ ಲಕ್ಷಣ. ‘ನಮ್ಮ ಗಾಡಿ ಆಯಿಲ್ ಕುಡಿಯುವುದೇ ಇಲ್ಲ’ ಎಂದು ಖುಷಿಪಡುವವರೂ ಒಮ್ಮೆ ಮೂಸಿ ನೋಡಲಿ. ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲ್‌ನ ಎಥನಾಲ್ 78 ಡಿಗ್ರಿಗೆ ಕುದಿಯುವಂಥದ್ದು, ಎಂಜಿನ್ ಪೂರ್ತಿ ಬಿಸಿಯಾದರೆ ಹೊರಟುಹೋಗುತ್ತದೆ. ಬಿಸಿಯಾಗದ ಎಂಜಿನ್‌ನಲ್ಲಿ ಅದು ನೀರಿನ ಜೊತೆ ಎಣ್ಣೆಯಲ್ಲೇ ಉಳಿಯುತ್ತದೆ. ಚಿಕ್ಕ ಓಡಾಟದವರು ಆರು ತಿಂಗಳ ಗಡುವು ಮೀರಬಾರದು ಎನ್ನಲು ಇದು ಇನ್ನೊಂದು ಕಾರಣ. ಸಿಎನ್‌ಜಿಗೆ ಬದಲಿಸಿಕೊಂಡವರಿಗೆ ಬೇರೆಯದೇ ಎಚ್ಚರಿಕೆ: ಅದರಲ್ಲಿ ಆಯಿಲ್ ಬೇಗ ಕಪ್ಪಾಗುವುದಿಲ್ಲ, ಆದರೆ ನೈಟ್ರೋಜನ್ ಆಕ್ಸೈಡ್‌ಗಳಿಂದ ಒಳಗೊಳಗೇ ಗಟ್ಟಿಯಾಗುತ್ತದೆ, ಬಣ್ಣ ಮೋಸ ಮಾಡುತ್ತದೆ.

ಬೆಳಿಗ್ಗೆ ಗೇಟಿನ ಒಳಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸವಿದ್ದರೆ ಬಿಡಿ. ಐಡಲ್‌ನಲ್ಲಿ ಎಣ್ಣೆ ಬಿಸಿಯಾಗುವುದು ಬಲು ನಿಧಾನ, ಆ ಹೊತ್ತೆಲ್ಲ ನೀರೂ ಪೆಟ್ರೋಲೂ ಇಳಿಯುತ್ತಲೇ ಇರುತ್ತವೆ. ಅರ್ಧ ನಿಮಿಷ ಬಿಟ್ಟು ಹೊರಟು, ಮೊದಲ ಎರಡು ಕಿಲೋಮೀಟರ್ 2,500 ಆರ್‌ಪಿಎಂ ದಾಟಿಸದೆ ಓಡಿಸಿ. ಒತ್ತಡದ ವಿಷಯ ಬಗೆಹರಿದ ಮೇಲೆ ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ನೈಸ್ ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ 60-80ರ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಬನ್ನಿ. ವಾರದ ನೀರು ಅವತ್ತು ಆವಿಯಾಗುತ್ತದೆ. ನಾಲ್ಕು ಕಿಲೋಮೀಟರ್ ಆಫೀಸಿಗೆ ಮೆಟ್ರೋ ಅಥವಾ ಸೈಕಲ್ ಆಗುವುದಾದರೆ, ಎಂಜಿನ್‌ನ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಆಯಿಲ್ ಇಲ್ಲ.

ಡಿಪ್‌ಸ್ಟಿಕ್ ಹದಿನೈದು ದಿನಕ್ಕೊಮ್ಮೆ ನೋಡಿ, ಎಷ್ಟು ಹಾಕಿದಿರಿ ಎಂದು ಬರೆದಿಡಿ. 1,000 ಕಿ.ಮೀ.ಗೆ ಅರ್ಧ ಲೀಟರ್‌ಗಿಂತ ಹೆಚ್ಚು ಬೇಕಾಗುತ್ತಿದ್ದರೆ ಆಯಿಲ್ ರಿಂಗ್‌ನ ತೂತುಗಳಿಗೂ ಮಡ್ಡಿ ಕಟ್ಟಿರಬಹುದು. ಮೂರು-ನಾಲ್ಕು ಚಿಕ್ಕ ಅವಧಿಯ ಬದಲಾವಣೆಯ ನಂತರ ಇದು ಇಳಿಮುಖವಾದರೆ ತಾಳ್ಮೆಯಿಂದ ಮುಂದುವರಿಸಿ. ಇಳಿಯದಿದ್ದರೆ, ಅಥವಾ ಜಾಲರಿ ತೊಳೆದ ಮೇಲೂ ಬಿಸಿ ಐಡಲ್‌ನಲ್ಲಿ ಒತ್ತಡ ಕಡಿಮೆಯೇ ಇದ್ದರೆ ಇದು ಮಡ್ಡಿಯ ಪ್ರಶ್ನೆಯಲ್ಲ, ಸವಕಳಿಯದು. ಹಣ ಸುರಿಯುವ ಮೊದಲು ಬೇರಿಂಗ್ ಸಂದಿ ಅಳೆಸಿ. 2027ರಲ್ಲಿ ಗಾಡಿಗೆ 15 ವರ್ಷ ತುಂಬಿ ರಿಜಿಸ್ಟ್ರೇಷನ್ ನವೀಕರಣ ಬರುತ್ತದೆ, ಆ ಖರ್ಚನ್ನೂ ಸೇರಿಸಿಕೊಂಡೇ ಎಂಜಿನ್ ಕೆಲಸದ ನಿರ್ಧಾರ ಮಾಡಿ.

ಇಷ್ಟು ಸಲ ಬದಲಿಸಿದರೆ ಹತ್ತಾರು ಲೀಟರ್ ಹಳೆಯ ಆಯಿಲ್ ಕೈಯಲ್ಲಿ ಉಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಚರಂಡಿಗೆ, ಗಿಡದ ಬುಡಕ್ಕೆ, ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬೇಡ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಅಧಿಕೃತ ಮರುಸಂಸ್ಕರಣೆಯವರಿಗೆ ಕೊಡುವ ಸರ್ವಿಸ್ ಸೆಂಟರ್‌ಗೆ ಒಪ್ಪಿಸಿ. ಕತ್ತರಿಸಿದ ಫಿಲ್ಟರ್‌ಗಳನ್ನೂ ಅದರ ಜೊತೆಗೇ ಕೊಡಿ.